ಕಿವಿಯ ಹಿಂದಿನ ಹೊಲಿಗೆ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಮನೆತನದ ಗುಂಪಿಗೆ ರಾಜು ಚಿಕ್ಕಪ್ಪ ಒಂದು ಫೋಟೋ ಹಾಕಿದರು. ಯಾವುದೋ ಆಸ್ಪತ್ರೆಯ ವಾರ್ಡು. ಒಂದೇ ಬಣ್ಣದ ಟೀ ಶರ್ಟು ಹಾಕಿದ ಏಳೆಂಟು ಮಂದಿ ಬಿಳಿಯರು ಮಂಚದ ಸುತ್ತ ನಿಂತು ನಗುತ್ತಿದ್ದಾರೆ. ಮಂಚದ ಮೇಲೆ ಒಬ್ಬ ತಾಯಿ. ಅವಳ ಮಡಿಲಲ್ಲಿ ಮಗು. ಮಗುವಿನ ಮೈ ಸಣ್ಣ, ತಲೆ ತೀರಾ ದೊಡ್ಡದು.

ಕೆಳಗೆ ಹೀಗೆ ಬರೆದಿತ್ತು: ‘ಉಗಾಂಡಾದಲ್ಲಿ ಮಿಷನರಿಗಳ ಆಟ. ಪ್ರಾರ್ಥನೆ ಮಾಡಿದರೆ ತಲೆ ಸಣ್ಣದಾಗುತ್ತೆ ಎಂದು ನಂಬಿಸಿ ಮತಾಂತರ. ನಾಳೆ ನಮ್ಮೂರಿಗೂ ಬರ್ತಾರೆ. ಎಲ್ಲರಿಗೂ ತಲುಪಿಸಿ.’

ಪುಣೆಯಲ್ಲಿರುವ ಕಿರಣ ಮೊದಲು ಬಂದ. ‘ಮೂಲ ಯಾವುದು ಚಿಕ್ಕಪ್ಪ? ಯಾವ ಆಸ್ಪತ್ರೆ, ಯಾವ ವರ್ಷ?’

‘ವಾಕಿಂಗ್ ಗೆಳೆಯರು ಕಳಿಸಿದ್ದು. ಅವರು ಸುಳ್ಳು ಹೇಳುವವರಲ್ಲ.’

‘ನಿಂಬೆಹಣ್ಣಿನ ನೀರಿಗೆ ಕ್ಯಾನ್ಸರ್ ವಾಸಿಯಾಗುತ್ತೆ ಅಂತ ಕಳಿಸಿದ್ದೂ ಅವರೇ ಅಲ್ವಾ?’

‘ನಿನ್ನ ಮದುವೆಗೆ ಛತ್ರ ಹುಡುಕಿಕೊಂಡು ಮೈಸೂರೆಲ್ಲಾ ಸುತ್ತಿದವನು ನಾನು. ಆಗ ಮೂಲ ಕೇಳಲಿಲ್ಲ ನೀನು.’

ಅಲ್ಲಿಗೆ ದೊಡ್ಡಪ್ಪ ಬಂದರು. ಅವರು ಮೂವತ್ತು ವರ್ಷ ಮೇಷ್ಟರಾಗಿದ್ದವರು. ‘ಕಿರಣ, ಹಿರಿಯರ ಜೊತೆ ಮಾತಾಡುವ ರೀತಿ ಇದಲ್ಲ. ರಾಜು, ನೀನೂ ಹಳೆಯದನ್ನು ಎತ್ತಬೇಡ. ಒಂದು ಮಾತು ಹೇಳುತ್ತೇನೆ. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು. ಹೀಗೆ ಫೋಟೋ ತೆಗೆಸಿಕೊಳ್ಳುವುದು ಸೇವೆ ಅಲ್ಲ.’

‘ದೊಡ್ಡಪ್ಪ, ಅದು ಬೈಬಲ್ಲಿನ ಮಾತು. ಮತ್ತಾಯನ ಸುವಾರ್ತೆಯಲ್ಲಿದೆ’ ಎಂದ ಕಿರಣ.

‘ಯಾರ ಮಾತಾದರೇನು. ಒಳ್ಳೆಯ ಮಾತು.’

ಶಿವಮೊಗ್ಗದ ವಿಜಿ ಅಕ್ಕ ಅಷ್ಟರಲ್ಲಿ ಅಜ್ಜಿಯ ಕಾಲಕ್ಕೆ ಹೋಗಿದ್ದಳು. ‘ಮಿಷನ್ ಅಂದಕೂಡಲೇ ನೆನಪಾಯಿತು. ರಾಜು ಚಿಕ್ಕಪ್ಪ ಹುಟ್ಟಿದ್ದೇ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ ಅಲ್ವಾ? ಅಜ್ಜಿಯ ಎಲ್ಲಾ ಹೆರಿಗೆಯೂ ಅಲ್ಲೇ.’ 1906ರಲ್ಲಿ ಶುರುವಾದ ಆ ಆಸ್ಪತ್ರೆಗೆ ಹೋಲ್ಡ್ಸ್‌ವರ್ತ್ ಎಂಬ ಹೆಸರಿದೆ. ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಹೇಳಿದ್ದಿಲ್ಲ. ಎಲ್ಲರಿಗೂ ಅದು ಮಿಷನ್ ಆಸ್ಪತ್ರೆ, ಅಷ್ಟೇ. ಅಜ್ಜಿ ಅಲ್ಲಿ ಐದು ಸಲ ಮಲಗಿ, ಐದು ಮಕ್ಕಳನ್ನು ಎತ್ತಿಕೊಂಡು ಮನೆಗೆ ಬಂದು ದೇವರ ಮುಂದೆ ದೀಪ ಹಚ್ಚಿದವರು. ನರ್ಸಮ್ಮ ಬೈಬಲ್ ಓದುತ್ತಿದ್ದರು, ತಾನು ಮನಸ್ಸಿನಲ್ಲೇ ನಂಜುಂಡೇಶ್ವರನನ್ನು ನೆನೆಯುತ್ತಿದ್ದೆ ಅನ್ನುತ್ತಿದ್ದರು.

ವಿಜಿ ಅಕ್ಕ ಒಂದು ಮಾತು ಜಾಸ್ತಿ ಹೇಳಿಬಿಟ್ಟಳು. ‘ಆಗ ದಿನಾ ಆಸ್ಪತ್ರೆಗೆ ಬುತ್ತಿ ಹೊತ್ತದ್ದು ನಮ್ಮಮ್ಮ.’ ತಕ್ಷಣ ಗಿರಿಜತ್ತೆಯ ಉತ್ತರ ಬಂತು. ‘ನಿಮ್ಮಮ್ಮ ಆಗಿನ್ನೂ ಈ ಮನೆಗೆ ಸೊಸೆಯಾಗಿ ಬಂದಿರಲಿಲ್ಲ. ಬುತ್ತಿ ಹೊತ್ತವಳು ನಾನು.’ ಮಧ್ಯಾಹ್ನದ ಹೊತ್ತಿಗೆ ಅರವತ್ತಕ್ಕೂ ಹೆಚ್ಚು ಸಂದೇಶ. ಬುತ್ತಿ, ಛತ್ರ, ಹಳೇ ಮನೆಯ ಪಾಲು ಎಲ್ಲವೂ ಬಂದವು. ಮಗುವಿನ ಬಗ್ಗೆ ಒಂದೂ ಇಲ್ಲ.

ನಾನು ಅಷ್ಟು ಹೊತ್ತೂ ಆ ಫೋಟೋವನ್ನೇ ನೋಡುತ್ತಿದ್ದೆ. ಮಗುವಿನ ಬಲ ಕಿವಿಯ ಹಿಂದೆ ಹೊಲಿಗೆ ಇತ್ತು. ಅಂಗಿ ಸ್ವಲ್ಪ ಮೇಲೆ ಸರಿದು ಹೊಟ್ಟೆಯ ಮೇಲೊಂದು ಬಿಳಿ ಪಟ್ಟಿ ಕಾಣುತ್ತಿತ್ತು. ಆ ಎರಡು ಗುರುತನ್ನು ಒಟ್ಟಿಗೆ ನೋಡಿದ ತಾಯಿ ಅದನ್ನು ಮರೆಯುವುದಿಲ್ಲ. ನನ್ನ ಮಗನಿಗೂ ಐದು ತಿಂಗಳಿದ್ದಾಗ ಅದೇ ಆಗಿತ್ತು.

ಮಿದುಳಿನ ಒಳಗೆ ದಿನವೂ ನೀರು ಹುಟ್ಟುತ್ತದೆ, ಹರಿದು ಹೋಗುತ್ತದೆ. ಹರಿಯುವ ದಾರಿ ಕಟ್ಟಿದರೆ ನೀರು ಒಳಗೇ ನಿಲ್ಲುತ್ತದೆ. ಎಳೆಗೂಸಿನ ತಲೆಬುರುಡೆ ಇನ್ನೂ ಕೂಡಿಕೊಂಡಿರುವುದಿಲ್ಲ, ಹಾಗಾಗಿ ತಲೆ ಹಿಗ್ಗುತ್ತದೆ. ಆಗ ಒಂದು ಸಣ್ಣ ಕೊಳವೆಯನ್ನು ಮಿದುಳಿನಿಂದ ಕಿವಿಯ ಹಿಂದೆ, ಚರ್ಮದ ಅಡಿಯಲ್ಲೇ ಇಳಿಸಿ ಹೊಟ್ಟೆಗೆ ಬಿಡುತ್ತಾರೆ. ಅದಕ್ಕೆ ಶಂಟ್ ಅನ್ನುತ್ತಾರೆ. ಫೋಟೋದ ಮಗುವಿಗೆ ಯಾರೋ ಆಪರೇಷನ್ ಮಾಡಿದ್ದರು. ಫಾರ್ವರ್ಡಿನಲ್ಲಿ ಆ ಒಂದು ವಿಷಯವೇ ಇರಲಿಲ್ಲ.

ಅದನ್ನೇ ಬರೆದೆ. ಜೊತೆಗೆ ನನಗೆ ಗೊತ್ತಿದ್ದದ್ದನ್ನೂ ಬರೆದೆ. ಮಗನ ಕಾಯಿಲೆಯ ಬಗ್ಗೆ ರಾತ್ರಿಯೆಲ್ಲಾ ಓದುತ್ತಿದ್ದ ದಿನಗಳಲ್ಲಿ ನನಗೆ ಸಿಕ್ಕಿದ್ದು ಉಗಾಂಡಾದ ಪೂರ್ವ ಭಾಗದ ಎಂಬಾಲೆ ಎಂಬ ಊರು. ಕ್ಯೂರ್ ಎಂಬ ಕ್ರೈಸ್ತ ಸಂಸ್ಥೆ 2001ರಲ್ಲಿ ಅಲ್ಲಿ ಮಕ್ಕಳ ಮಿದುಳಿನ ಆಸ್ಪತ್ರೆ ತೆರೆಯಿತು. ಬೆಂಜಮಿನ್ ವಾರ್ಫ್ ಎಂಬ ಅಮೆರಿಕದ ಸರ್ಜನ್ ಸಂಸಾರ ಸಮೇತ ಹೋಗಿ ಅಲ್ಲೇ ಇದ್ದು ಕೆಲಸ ಮಾಡಿದರು. ಹುಟ್ಟಿದ ಹೊಸತರಲ್ಲಿ ಸೋಂಕು ತಗುಲಿ ಹೀಗಾದ ಮಕ್ಕಳೇ ಅಲ್ಲಿ ಜಾಸ್ತಿ ಎಂದು ಅವರು ಕಂಡುಕೊಂಡರು. ಕೊಳವೆ ಯಾವಾಗ ಬೇಕಾದರೂ ಕಟ್ಟಬಹುದು. ಕಟ್ಟಿದರೆ ಕೂಡಲೇ ಆಪರೇಷನ್ ಬೇಕು. ದೂರದ ಹಳ್ಳಿಯ ಮಗುವಿಗೆ ಅದು ಎಲ್ಲಿ ಸಿಗುತ್ತದೆ? ಅದಕ್ಕೇ ಅವರು ಕೊಳವೆ ಇಲ್ಲದ ದಾರಿ ಹುಡುಕಿದರು. ನೀರಿಗೆ ಒಳಗೇ ಹೊಸ ದಾರಿ ತೆರೆದು, ನೀರು ಹುಟ್ಟಿಸುವ ಭಾಗವನ್ನು ಸ್ವಲ್ಪ ಸುಡುವ ವಿಧಾನ ಅದು. ಎಲ್ಲಾ ಮಕ್ಕಳಿಗೂ ಅದು ಆಗುವುದಿಲ್ಲ. ಹಲವರಿಗೆ ಆಗುತ್ತದೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಕೊಳವೆ ಬೇಕಾದ ಮಕ್ಕಳಿಗೆ ಯಾವುದನ್ನು ಹಾಕಬೇಕು ಎಂದು ಅವರು 195 ಮಕ್ಕಳಲ್ಲಿ ಎರಡು ಬಗೆಯ ಶಂಟ್ ಹೋಲಿಸಿ ನೋಡಿದರು. 2005ರಲ್ಲಿ ಅದನ್ನು ಪ್ರಕಟಿಸಿದರು. ಆಗ ಒಂದರ ಬೆಲೆ 650 ಡಾಲರ್ ಇತ್ತು. ಇನ್ನೊಂದು ನಮ್ಮ ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್, 35 ಡಾಲರ್. ಒಂದು ವರ್ಷದ ನಂತರವೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

‘ಇದನ್ನು ಮೊದಲೇ ಹೇಳಬಾರದಿತ್ತಾ ಸುಮಾ’ ಎಂದ ಕಿರಣ. ರಾಜು ಚಿಕ್ಕಪ್ಪ ಬಿಡಲಿಲ್ಲ. ‘ಹಾಗಾದರೆ ಮತಾಂತರ ಸುಳ್ಳಾ?’

ಅವರ ಅಳುಕು ಪೂರ್ತಿ ಗಾಳಿಮಾತು ಎಂದು ನಾನು ಹೇಳಲಿಲ್ಲ. ಆ ಸಂಸ್ಥೆ ರೋಗ ಗುಣಪಡಿಸುವುದನ್ನೂ ದೇವರ ರಾಜ್ಯ ಸಾರುವುದನ್ನೂ ಒಂದೇ ಉಸಿರಿನಲ್ಲಿ ತನ್ನ ಕೆಲಸ ಎನ್ನುತ್ತದೆ, ಮುಚ್ಚಿಟ್ಟಿಲ್ಲ. ಮಗು ಉಳಿಯುತ್ತದೋ ಇಲ್ಲವೋ ಎಂದು ಕೂತ ತಾಯಿಯ ಮುಂದೆ ಧರ್ಮದ ಮಾತು ಎತ್ತುವುದು ನನಗೆ ಸರಿ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಯಾರು ಏನು ಕೇಳಿದ್ದರೂ ನಾನು ಹೂಂ ಅನ್ನುತ್ತಿದ್ದೆ. ನಾಲ್ಕು ದಿನಕ್ಕೆ ಬಂದು ಫೋಟೋ ತೆಗೆಸಿಕೊಂಡು ಹೋಗುವವರೂ, ವರ್ಷಗಟ್ಟಲೆ ನಿಂತು ಆಪರೇಷನ್ ಮಾಡಿದವರೂ ಒಂದೇ ಅಲ್ಲ. ಇಷ್ಟನ್ನೂ ಬರೆದು, ಕೊನೆಗೆ ಕೇಳಿದೆ. ‘ಆ ತಾಯಿಯನ್ನು ಯಾರಾದರೂ ಕೇಳಿ ಈ ಫೋಟೋ ತೆಗೆದರಾ? ನಾವು ಕೇಳಿ ಹಂಚುತ್ತಿದ್ದೇವಾ?’

ಗುಂಪು ಸುಮ್ಮನಾಯಿತು. ಯಾಕೆಂದು ಎಲ್ಲರಿಗೂ ಗೊತ್ತಿತ್ತು.

2017ರಲ್ಲಿ ಮಗನ ಕೊಳವೆ ಕಟ್ಟಿತ್ತು. ಅವನಿಗೆ ಏಳು ವರ್ಷ. ರಾತ್ರಿಯಿಡೀ ವಾಂತಿ, ಬೆಳಗಿನ ಜಾವ ಎಬ್ಬಿಸಿದರೂ ಏಳದ ನಿದ್ದೆ. ಮೈಸೂರಿನಿಂದ ಬೆಂಗಳೂರಿಗೆ ಕಾರಿನಲ್ಲಿ ಅವನ ಕೆನ್ನೆ ತಟ್ಟುತ್ತಲೇ ಹೋದೆ. ಮದ್ದೂರು ದಾಟುವಾಗ ಒಮ್ಮೆ ಕಣ್ಣು ಬಿಟ್ಟು ‘ಅಮ್ಮಾ’ ಅಂದ. ಮತ್ತೆ ಮುಚ್ಚಿದ. ಆಪರೇಷನ್ ಆದ ಮರುದಿನ ನೋಡಲು ಬಂದ ರಾಜು ಚಿಕ್ಕಪ್ಪ ಬೋಳುತಲೆಯ ಅವನ ಫೋಟೋ ತೆಗೆದರು. ‘ಈ ಕಂದನಿಗಾಗಿ ಪ್ರಾರ್ಥಿಸಿ, ಹತ್ತು ಜನರಿಗೆ ಕಳಿಸಿ’ ಎಂದು ಬರೆದು ಹಂಚಿದರು. ಪ್ರೀತಿಯಿಂದಲೇ ಮಾಡಿದ್ದು, ಅದು ನನಗೆ ಗೊತ್ತು. ಎರಡು ತಿಂಗಳಿಗೆ ಆ ಫೋಟೋ ಅವನ ತರಗತಿಯ ತಾಯಂದಿರ ಗುಂಪಿಗೇ ಬಂತು. ಅವನ ಜೊತೆ ಆಡುತ್ತಿದ್ದ ಮಕ್ಕಳು ದೂರ ನಿಂತರು. ನಾನು ಚಿಕ್ಕಪ್ಪನ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದೆ.

ಸಂಜೆ ಅವರೇ ಫೋನ್ ಮಾಡಿದರು. ‘ತೆಗೆದುಹಾಕಿದ್ದೀನಮ್ಮ. ಆದರೆ ಬೇರೆ ಮೂರು ಗುಂಪಿಗೂ ಕಳಿಸಿಬಿಟ್ಟಿದ್ದೆ.’ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ‘ಆ ಮಗು ಈಗ ಹೇಗಿದೆಯೋ, ಗೊತ್ತಾಗೋದಿಲ್ಲ ಅಲ್ವಾ?’

ಗೊತ್ತಾಗೋದಿಲ್ಲ ಚಿಕ್ಕಪ್ಪ ಎಂದೆ.

ಮಗ ಗುಂಪಿನಲ್ಲಿಲ್ಲ, ಆದರೆ ನನ್ನ ಫೋನ್ ನೋಡುತ್ತಾನೆ. ಎಲ್ಲಾ ಓದಿ ಬಂದು, ಕಿವಿಯ ಹಿಂದೆ ಬೆರಳಿಟ್ಟುಕೊಂಡು ಕೇಳಿದ. ‘ನನ್ನದು ಯಾವ ಊರಿನದಮ್ಮ?’ ಬೀರುವಿನಿಂದ ಹಳೇ ಫೈಲು ತೆಗೆದು ಇಬ್ಬರೂ ನೆಲದ ಮೇಲೆ ಕೂತು ಹುಡುಕಿದೆವು. ಆಪರೇಷನ್ ಹಾಳೆಯ ಮೂಲೆಯಲ್ಲಿ ಅಂಟಿಸಿದ್ದ ಸಣ್ಣ ಚೀಟಿ ಸಿಕ್ಕಿತು. ಅಕ್ಷರ ಮಾಸಿತ್ತು. ಅವನೇ ಕಿಟಕಿಯ ಬೆಳಕಿಗೆ ಹಿಡಿದು ಓದಿದ. ‘ಶಹಜಹಾನ್‌ಪುರ.’