ಏಳು ವರ್ಷದ ಮಗುವಿಗೆ ತಾಳ್ಮೆ ಕಲಿಸುವುದು ಹೇಗೆ? ಕಥೆಯಿಂದಲೇ, ಶ್ಲೋಕದಿಂದಲೇ, ಕೈಕೆಲಸದಿಂದಲೇ?

ಪ್ರಶ್ನೆ: ಕುವೆಂಪುನಗರದ ತಾಯಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಏಳು ವರ್ಷ. ಬಹಳ ಚುರುಕು, ಆದರೆ ಕಾಯುವುದೆಂದರೆ ಅವಳಿಂದ ಆಗದು. ದೋಸೆ ಇನ್ನೂ ಹೆಂಚಿನ ಮೇಲಿರುವಾಗಲೇ ತಟ್ಟೆ ಬಡಿಯುತ್ತಾಳೆ, ಚಿತ್ರ ಬಿಡಿಸುವಾಗ ಒಂದು ಗೆರೆ ತಪ್ಪಿದರೆ ಹಾಳೆಯನ್ನೇ ಹರಿದುಹಾಕುತ್ತಾಳೆ, ತರಗತಿಯ ಗೆಳತಿಗೆ ಹೊಸ ಸೈಕಲ್ ಬಂದರೆ ಅದೇ ಸಂಜೆ ತನಗೂ ಬೇಕೆಂದು ಹಟ ಹಿಡಿಯುತ್ತಾಳೆ. ಮನೆಯಲ್ಲಿ ಅತ್ತೆ, ಮಾವನವರು ಇದ್ದಾರೆ. ಸಂಜೆ ದೀಪ ಹಚ್ಚಿ ಶ್ಲೋಕ ಹೇಳಿಸುವ ಪದ್ಧತಿಯೂ ಇದೆ. ಶ್ಲೋಕಗಳು ಬಾಯಿಗೆ ಬಂದಿವೆ, ತಾಳ್ಮೆ ಮಾತ್ರ ನಡತೆಗೆ ಬಂದಿಲ್ಲ. ಧ್ರುವನ ಕಥೆಯನ್ನು ಹೇಳಿದಾಗ, ತಾನೂ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕುಳಿತು, "ದೇವರು ಬರಲೇ ಇಲ್ಲವಲ್ಲ" ಎಂದು ಎದ್ದುಬಿಟ್ಟಳು. ನಮ್ಮ ಪುರಾಣಗಳಲ್ಲಿ, ಗೀತೆಯಲ್ಲಿ ಈ ವಯಸ್ಸಿನ ಮಕ್ಕಳಿಗೆ ಹಿಡಿಸುವಂಥದ್ದು ಏನಿದೆ, ಅದನ್ನು ದಿನನಿತ್ಯದ ಬದುಕಿಗೆ ತರುವುದು ಹೇಗೆ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಶಿಕ್ಷಕ, ಮಂಡ್ಯ

ತಾಯಿ, ಧ್ರುವನ ಕಥೆ ದೊಡ್ಡದು. ಆದರೆ ತಾಳ್ಮೆಯ ಪಾಠಕ್ಕೆ ಅದನ್ನೇ ಮೊದಲು ಹೇಳಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಐದು ವರ್ಷದ ಬಾಲಕನ ತಪಸ್ಸಿಗೆ ಭಗವಂತನೇ ಪ್ರತ್ಯಕ್ಷನಾಗುತ್ತಾನೆ, ಆದ್ದರಿಂದ ಮಕ್ಕಳ ಮನಸ್ಸು ಕಾಯುವಿಕೆಯನ್ನು ಬಿಟ್ಟು ಫಲದ ಕಡೆಗೇ ಓಡುತ್ತದೆ. ಆತುರಪಟ್ಟರೆ ಏನಾಗುತ್ತದೆ ಎಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಕಥೆ ಮಹಾಭಾರತದ ಆದಿಪರ್ವದಲ್ಲಿದೆ. ಅದು ವಿನತೆಯ ಕಥೆ.

ಕಶ್ಯಪರ ಪತ್ನಿಯರಾದ ಕದ್ರು ಮತ್ತು ವಿನತೆಯರಲ್ಲಿ ಕದ್ರು ಸಾವಿರ ನಾಗಪುತ್ರರನ್ನು ಬೇಡಿದಳು, ವಿನತೆ ಅವರಿಗಿಂತ ಬಲಶಾಲಿಗಳಾದ ಇಬ್ಬರೇ ಮಕ್ಕಳನ್ನು ಬೇಡಿದಳು. ಐದುನೂರು ವರ್ಷ ಕಳೆದ ಮೇಲೆ ಕದ್ರುವಿನ ಮೊಟ್ಟೆಗಳು ಒಡೆದು ಮಕ್ಕಳು ಹೊರಬಂದರು. ವಿನತೆಯ ಎರಡು ಮೊಟ್ಟೆಗಳು ಹಾಗೆಯೇ ಇದ್ದವು. ಸವತಿಯ ಮಕ್ಕಳನ್ನು ನೋಡಿ ನಾಚಿ, ತಡೆಯಲಾರದೆ ಅವಳು ಒಂದು ಮೊಟ್ಟೆಯನ್ನು ತಾನೇ ಒಡೆದಳು. ಒಳಗಿದ್ದ ಅರುಣನಿಗೆ ಮೇಲಿನ ಅರ್ಧ ದೇಹ ಮಾತ್ರ ಬೆಳೆದಿತ್ತು. ಆತುರಪಟ್ಟ ತಾಯಿಗೆ ಅವನು ದಾಸ್ಯದ ಶಾಪವನ್ನು ಕೊಟ್ಟನು. ಇನ್ನೊಂದು ಮೊಟ್ಟೆಯನ್ನು ಇನ್ನೂ ಐದುನೂರು ವರ್ಷ ಕಾಯ್ದರೆ ಅದರಿಂದ ಹುಟ್ಟುವವನೇ ನಿನ್ನನ್ನು ಬಿಡಿಸುತ್ತಾನೆ ಎಂಬ ಭರವಸೆಯನ್ನೂ ಕೊಟ್ಟನು. ಆ ಎರಡನೆಯ ಮಗನೇ ಗರುಡ.

ಈ ಕಥೆಯನ್ನು ಆರಿಸಲು ಕಾರಣವಿದೆ. ವಿನತೆಗೆ ಐದುನೂರು ವರ್ಷ ಕಾಯುವುದು ಕಷ್ಟವೆನಿಸಿರಲಿಲ್ಲ. ಪಕ್ಕದಲ್ಲಿ ಕದ್ರುವಿನ ಮಕ್ಕಳು ಆಡಲು ತೊಡಗಿದ ಮೇಲೆ ಒಂದು ಗಳಿಗೆಯೂ ಕಾಯಲಾಗಲಿಲ್ಲ. ನಿಮ್ಮ ಮಗಳ ಸೈಕಲ್ಲಿನ ಹಟವೂ ಇದೇ ಬಗೆಯದು. ದೋಸೆಗಾಗಿ ತಟ್ಟೆ ಬಡಿಯುವುದು ಹಸಿವಿನ ಆತುರ, ಸೈಕಲ್ ಕೇಳುವುದು ಹೋಲಿಕೆಯ ಆತುರ, ಹಾಳೆ ಹರಿಯುವುದು ತನ್ನ ಮೇಲೆಯೇ ಬರುವ ಸಿಟ್ಟು. ಮೂರಕ್ಕೂ ಒಂದೇ ಮದ್ದು ಹುಡುಕಬೇಡಿ. ಕಥೆ ಹೇಳುವಾಗ ಅರುಣನು ಮುಂದೆ ಸೂರ್ಯನ ಸಾರಥಿಯಾದನೆಂಬ ಭಾಗವನ್ನು ತಪ್ಪದೆ ಹೇಳಿ. ಇಲ್ಲವಾದರೆ ಒಮ್ಮೆ ಕೆಟ್ಟದ್ದು ಎಂದೆಂದಿಗೂ ಕೆಟ್ಟಂತೆಯೇ ಎಂಬ ಭಯ ಮಗುವಿಗೆ ಕೂರುತ್ತದೆ. ಹಾಳೆ ಹರಿಯುವ ಮಗುವಿಗೆ ಈ ಭಾಗವೇ ಹೆಚ್ಚು ಬೇಕು.

ಉತ್ತರ: ಅಗ್ರಹಾರದ ಅಜ್ಜಿ, ಮೈಸೂರು

ಮೇಷ್ಟ್ರು ಹೇಳಿದ ಕಥೆ ಬಹಳ ಚೆನ್ನಾಗಿದೆ. ಆದರೆ ಕಥೆ ಮುಗಿದ ಮೇಲೆ ಮಗುವಿನ ಕೈಗೆ ಏನನ್ನು ಕೊಡುತ್ತೀರಿ ಎಂಬುದೂ ಮುಖ್ಯ. ಬರೀ "ಸುಮ್ಮನೆ ಕೂತಿರು, ಕಾಯಿ" ಎಂದರೆ ದೊಡ್ಡವರಿಗೂ ಹಿಂಸೆಯೇ.

ನಿಮ್ಮ ಮಗಳಿಗೆ ಹೂ ಕಟ್ಟುವುದನ್ನು ಕಲಿಸಿ. ದೇವರಾಜ ಮಾರುಕಟ್ಟೆಯಿಂದ ಬಿಡಿ ಮಲ್ಲಿಗೆ ಮೊಗ್ಗು ತನ್ನಿ, ದಾರದ ಬದಲು ನೆನೆಸಿದ ಬಾಳೆನಾರು ಕೊಡಿ. ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ ತೊಟ್ಟಿಗೆ ತೊಟ್ಟು ಸೇರಿಸಿ ಇಟ್ಟು, ನಾರನ್ನು ಸುತ್ತಿ ಕುಣಿಕೆ ಹಾಕಿ ಎಳೆಯಬೇಕು. ಅವಸರದಲ್ಲಿ ಜಗ್ಗಿದರೆ ತೊಟ್ಟು ತುಂಡಾಗಿ ಮೊಗ್ಗು ಕೆಳಗೆ ಬೀಳುತ್ತದೆ. ಸಡಿಲ ಬಿಟ್ಟರೆ ದೇವರ ಪಟಕ್ಕೆ ಏರಿಸುವಷ್ಟರಲ್ಲಿ ಉದುರುತ್ತದೆ. ಎಷ್ಟು ಬಿಗಿ ಸಾಕು ಎಂಬುದನ್ನು ಬೆರಳೇ ಕಲಿಯಬೇಕು, ನಾವು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಅವಳು ಕಟ್ಟಿದ್ದು ಗೇಣುದ್ದವೇ ಇರಲಿ, ಸೊಟ್ಟಗೇ ಇರಲಿ, ಅದನ್ನು ಬಿಚ್ಚಿ ಸರಿಮಾಡಲು ಹೋಗದೆ ಅಂದಿನ ಪೂಜೆಗೆ ಹಾಗೆಯೇ ಮುಡಿಸಿ. ತಪ್ಪಿದ ಗೆರೆಗೆ ಹಾಳೆ ಹರಿಯುವ ಅಭ್ಯಾಸಕ್ಕೆ ಇದು ಒಳ್ಳೆಯದು, ಏಕೆಂದರೆ ಬಿದ್ದ ಮೊಗ್ಗನ್ನು ಎತ್ತಿಕೊಂಡು ಮುಂದಿನ ಕುಣಿಕೆ ಹಾಕಲೇಬೇಕು.

ಸಂಕ್ರಾಂತಿಯ ಎಳ್ಳುಬೆಲ್ಲವೂ ಹೀಗೆಯೇ. ಈಗ ಅಂಗಡಿಯ ಪೊಟ್ಟಣಗಳೇ ಎಲ್ಲೆಡೆ. ನನಗೆ ಅದು ನಿಜವಾಗಿಯೂ ಬೇಸರದ ಸಂಗತಿ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬೆಲ್ಲವನ್ನೂ ಹಾಗೆಯೇ ಚೂರು ಮಾಡಿ ಬಿಸಿಲಿಗೆ ಹರಡಿ, ಹುರಿದ ಕಡಲೆಬೀಜದ ಸಿಪ್ಪೆ ಉಜ್ಜಿ ಕೇರಿ, ಹುರಿಗಡಲೆ, ಎಳ್ಳು ಬೆರೆಸುವ ಹೊತ್ತಿಗೆ ಹಬ್ಬ ಹತ್ತಿರ ಬಂದಿರುತ್ತದೆ. ಕತ್ತಿಯ ಕೆಲಸ ನಿಮಗಿರಲಿ, ಸಿಪ್ಪೆ ಉಜ್ಜುವುದು ಮಗುವಿಗಿರಲಿ. ದೇವರಿಗೆ ನೈವೇದ್ಯವಾಗುವವರೆಗೆ ಬಾಯಿಗೆ ಹಾಕಬಾರದೆಂಬ ನಿಯಮ ಆಗ ಅವಳಿಗೆ ಅರ್ಥವಾಗುತ್ತದೆ, ಯಾಕೆಂದರೆ ಅದು ಅವಳೇ ಮಾಡಿದ್ದು.

ಉತ್ತರ: ಪಾಂಡವಪುರದ ಒಬ್ಬ ತಂದೆ

ಒಂದೇ ಮಾತು ಸೇರಿಸುತ್ತೇನೆ. "ಐದು ನಿಮಿಷ ತಡಿ" ಎಂದು ಹೇಳಿ ಅರ್ಧ ಗಂಟೆ ಮಾಡುವ ಮನೆಯಲ್ಲಿ ಮಗು ಕಾಯುವುದನ್ನು ಕಲಿಯದು, ಕೂಗಿದರೆ ಮಾತ್ರ ಕೆಲಸವಾಗುತ್ತದೆ ಎಂಬುದನ್ನು ಕಲಿಯುತ್ತದೆ. "ಇನ್ನೆರಡು ದೋಸೆ ಆದ ಮೇಲೆ ನಿನ್ನದು" ಎಂದರೆ ಎರಡೇ ಆಗಬೇಕು. ಯುಗಾದಿಗೆ ಸೈಕಲ್ ಎಂದರೆ ಯುಗಾದಿಗೇ ಬರಬೇಕು, ಕೊಡಿಸಲಾಗದಿದ್ದರೆ ಮೊದಲೇ ಆಗುವುದಿಲ್ಲ ಎನ್ನಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಅಮ್ಮ, ನೀವು ಹೇಳಿದಂತೆ ಬಾಳೆನಾರು ತರಿಸಿದ್ದೇನೆ. ಮೇಷ್ಟ್ರೇ, ಇನ್ನೆರಡು ಸಂದೇಹಗಳಿವೆ. ಶ್ಲೋಕ ಹೇಳಿಸುವುದರಿಂದ ಪ್ರಯೋಜನವೇ ಇಲ್ಲವೇ? ಹಾಗೆಯೇ, ಗರುಡನ ಕಥೆ ಕೇಳಿದ ಮೇಲೆ ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಹೋಗಬೇಕೆಂದು ಹಟ ಮಾಡುತ್ತಿದ್ದಾಳೆ. ಆ ಜನಸಂದಣಿಯಲ್ಲಿ, ರಾತ್ರಿಯವರೆಗೆ, ಇಂಥ ಮಗುವನ್ನು ಕರೆದೊಯ್ಯುವುದು ಸರಿಯೇ?

ಉತ್ತರ: ನಿವೃತ್ತ ಶಿಕ್ಷಕ, ಮಂಡ್ಯ

ಶ್ಲೋಕ ಬಿಡಬೇಡಿ. ಆದರೆ ಗೀತೆಯ ಆರನೆಯ ಅಧ್ಯಾಯವನ್ನು ಮಗಳಿಗಿಂತ ಮೊದಲು ಮನೆಯ ಹಿರಿಯರು ಓದುವುದು ಒಳ್ಳೆಯದು. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟವೆಂದು ಅರ್ಜುನನಂಥ ಅರ್ಜುನನೇ ಅಲ್ಲಿ ದೂರುತ್ತಾನೆ. ಕೃಷ್ಣನು ಗದರುವುದಿಲ್ಲ; ಹೌದು, ಅದು ಚಂಚಲವೇ, ಹಿಡಿಯುವುದು ಕಷ್ಟವೇ, ಅದರಲ್ಲಿ ಸಂಶಯವಿಲ್ಲ ಎಂದು ಮೊದಲು ಒಪ್ಪಿಕೊಂಡು, ಆಮೇಲೆ ಅಭ್ಯಾಸದಿಂದಲೂ ವೈರಾಗ್ಯದಿಂದಲೂ ಅದು ವಶವಾಗುತ್ತದೆ ಎನ್ನುತ್ತಾನೆ. ತಟ್ಟೆ ಬಡಿಯುವ ಮಗುವಿಗೂ ಇದೇ ಕ್ರಮದಲ್ಲಿ ಉತ್ತರ ಕೊಡಿ. "ಹಸಿವಾದಾಗ ಕಾಯುವುದು ಕಷ್ಟ ಕಂದಾ" ಎಂಬ ಮಾತು ಮೊದಲು ಬರಲಿ, "ಬಾ, ಚಟ್ನಿ ಬಡಿಸು" ಎಂಬುದು ಆಮೇಲೆ ಬರಲಿ. ಮಗುವಿಗೆ ಹೇಳಿಸಲು ಅದೇ ಅಧ್ಯಾಯದ "ಶನೈಃ ಶನೈಃ" ಎಂದು ಆರಂಭವಾಗುವ ಶ್ಲೋಕ ಸಾಕು. ಮನಸ್ಸನ್ನು ಮೆಲ್ಲಮೆಲ್ಲನೆ ನಿಲ್ಲಿಸಬೇಕೆಂದು ಅದು ಹೇಳುತ್ತದೆ.

ವೈರಮುಡಿಗೆ ಅವಶ್ಯವಾಗಿ ಕರೆದೊಯ್ಯಿರಿ. ಅಂದು ಮೇಲುಕೋಟೆಯ ದೇವರಾದ ಚೆಲುವನಾರಾಯಣನಿಗೆ ತೊಡಿಸುವ ವೈರಮುಡಿ ಎಂಬ ವಜ್ರಕಿರೀಟವನ್ನು ತಂದವನು ಗರುಡನೇ ಎಂಬುದು ಕ್ಷೇತ್ರದ ಐತಿಹ್ಯ, ಉತ್ಸವ ನಡೆಯುವುದೂ ಗರುಡವಾಹನದ ಮೇಲೆಯೇ. ಕಿರೀಟವು ಮಂಡ್ಯದ ಜಿಲ್ಲಾ ಖಜಾನೆಯಿಂದ ಬಿಗಿ ಕಾವಲಿನಲ್ಲಿ ಹೊರಟು, ದಾರಿಯ ಊರುಗಳಲ್ಲಿ ಪೂಜೆ ಪಡೆಯುತ್ತ ಮೇಲುಕೋಟೆ ಸೇರುತ್ತದೆ. ಅದಕ್ಕೆ ಹಗಲ ಬೆಳಕು ತಾಗಬಾರದೆಂಬ ನಂಬಿಕೆಯಿಂದ ಉತ್ಸವ ರಾತ್ರಿ ನಡೆಯುತ್ತದೆ. ಇಷ್ಟನ್ನು ಮೊದಲೇ ಹೇಳಿಟ್ಟರೆ, ಏತಕ್ಕಾಗಿ ಕಾಯುತ್ತಿದ್ದೇವೆ ಎಂಬುದು ಅವಳಿಗೆ ಗೊತ್ತಿರುತ್ತದೆ.

ಮಧ್ಯಾಹ್ನ ಚೆನ್ನಾಗಿ ಮಲಗಿಸಿ, ಸಂಜೆಗೆ ಮುಂಚೆ ತಲುಪಿ. ಬೆಳಕಿರುವಾಗ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಪುಳಿಯೋಗರೆ ತಿನ್ನಿ. ದೇವಾಲಯದ ಮುಂದಿನ ನೂಕುನುಗ್ಗಲಿಗೆ ಹೋಗದೆ, ಉತ್ಸವ ಸಾಗುವ ಬೀದಿಯಲ್ಲಿ ಹಿನ್ನೆಲೆಗೆ ಗೋಡೆಯಿರುವ ಒಂದು ಜಗಲಿ ನೋಡಿಕೊಂಡು ನಿಲ್ಲಿ. ನಿದ್ದೆ ತಡೆಯದೆ ಅವಳು ಮಲಗಿಬಿಟ್ಟರೆ ಬೈಯಬೇಡಿ, ವಾಹನ ಹತ್ತಿರ ಬಂದಾಗ ಎಬ್ಬಿಸಿ ಹೆಗಲ ಮೇಲೆ ಕೂರಿಸಿಕೊಳ್ಳಿ. ಫೋನನ್ನು ಮಾತ್ರ ಅಂದು ಅವಳ ಕೈಗೆ ಕೊಡಬೇಡಿ.