ಸಹಾಯ ಬೇಕು: ಘಾಟಿ ಬಾಡಿಗೆಗೆ ರೇಟು ಹೇಗೆ ಹಾಕ್ತೀರಿ?

ಗುಂಪಿನ ಅಣ್ಣಂದಿರಿಗೆ ನಮಸ್ಕಾರ. ಶೃಂಗೇರಿಯಲ್ಲಿ ಹಳದಿ ಬೋರ್ಡಿನ ಡೀಸೆಲ್ ಗಾಡಿ ಓಡಿಸ್ತೀನಿ. ಸ್ವಂತದ್ದೇ, ಸಾಲದ ಕಂತು ಇನ್ನೂ ಎರಡು ವರ್ಷ ಇದೆ.

2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿ ಡೀಸೆಲ್ ಲೀಟರಿಗೆ ಸುಮಾರು ಮೂರು ರೂಪಾಯಿ ಹೆಚ್ಚಾದಾಗ ಸುಮ್ಮನಿದ್ದೆ. 2025ರ ಏಪ್ರಿಲ್‌ನಲ್ಲಿ ಮತ್ತೆ 2 ರೂಪಾಯಿ ಏರಿತು, ಆಗಲೂ ಬಾಡಿಗೆ ಮುಟ್ಟಲಿಲ್ಲ. ಸರ್ಕಾರಿ ಬಸ್ಸಿನವರು ಅದೇ ಜನವರಿಯಲ್ಲೇ ಶೇ 15 ಏರಿಸಿ ಆಗಿತ್ತು. ನಾನೊಬ್ಬ ಧರ್ಮಾತ್ಮ!

ತಲೆ ಕೆಡೋದು ಹೊರನಾಡು ಟ್ರಿಪ್ಪಲ್ಲಿ. ಬಯಲಲ್ಲಿ ಲೀಟರಿಗೆ 17 ಕಿ.ಮೀ. ಕೊಡೋ ಗಾಡಿ ಕಳಸದ ತಿರುವುಗಳಲ್ಲಿ 12ಕ್ಕೆ ಇಳಿಯುತ್ತೆ. ಎಸಿ ಹಾಕಿದ್ರೆ ಇನ್ನೂ ಕಮ್ಮಿ. ಬರೋರು ಬೆಂಗಳೂರಿನ ಕಿಲೋಮೀಟರ್ ರೇಟು ಹಿಡ್ಕೊಂಡೇ ಚೌಕಾಸಿಗೆ ನಿಲ್ತಾರೆ. ಅವರನ್ನೂ ಬೈಯೋಕಾಗಲ್ಲ, ಅವರ ಖರ್ಚೂ ಏರಿದೆ. ಮೊದಲು ಎರಡು ದಿನ ಸುತ್ತುತ್ತಿದ್ದವರು ಈಗ ಒಂದೇ ದಿನದಲ್ಲಿ ಕಿಗ್ಗ, ಆಗುಂಬೆ ಮುಗಿಸಿ ಹೊರಡ್ತಾರೆ.

ಇದಕ್ಕಿಂತ ಕಷ್ಟ ಬೆಳಗಿನ ಶಾಲೆ ಮಕ್ಕಳದ್ದು. ನಮ್ಮೂರಿಂದ ಆರು ಮಕ್ಕಳು, ತಿಂಗಳ ಲೆಕ್ಕ. ಅಪ್ಪ ಅಮ್ಮ ತೋಟದ ಕೆಲಸಕ್ಕೆ ಹೋಗೋರು. ನೂರು ರೂಪಾಯಿ ಜಾಸ್ತಿ ಕೇಳೋಕೆ ಬಾಯಿ ಬರಲ್ಲ. ಬಿಟ್ಟರೆ ಬಸ್ಸಿಗೆ ಮೂರು ಕಿ.ಮೀ. ನಡೀಬೇಕು ಅವು.

ಕೊಡಗು, ಸಕಲೇಶಪುರ ಕಡೆ ಓಡಿಸೋರು ಹೇಳಿ: ಘಾಟಿಗೆ ಬೇರೆ ರೇಟು ಇಟ್ಟಿದ್ದೀರಾ, ಇಲ್ಲಾ ಇಡೀ ದಿನಕ್ಕೆ ಒಂದೇ ಮೊತ್ತನಾ? ಬುಕ್ ಮಾಡಿದ ಮೇಲೆ ಡೀಸೆಲ್ ಏರಿದರೆ ವ್ಯತ್ಯಾಸ ಯಾರ ತಲೆಗೆ? ಮಕ್ಕಳ ಬಾಡಿಗೆ ವರ್ಷದ ಮಧ್ಯೆ ಏರಿಸಿದವರು ಇದ್ದರೆ, ಮನೆಯವರಿಗೆ ಹೇಗೆ ಹೇಳಿದಿರಿ ಅಂತಾನೂ ಬರೀರಿ. ಸೋಮವಾರ ಒಂದು ಹೊರನಾಡು ಟ್ರಿಪ್ ಇದೆ, ಅಷ್ಟರೊಳಗೆ ರೇಟು ಹೇಳಬೇಕು.