ಪ್ರಶ್ನೋತ್ತರ: ಬಲ್ಬಿನ ಹತ್ತಿರದ ಬಾಟಲಿ ಪೇಲವ, ಮೂಲೆಯಲ್ಲಿದ್ದದ್ದು ಕಡುಕಂದು. ಯಾಕೆ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ):
ಮೇಡಂ, ನಮಸ್ಕಾರ. ಪ್ರಾಜೆಕ್ಟ್‌ಗೆ ಅಂತ ರೋಡೊಬ್ಯಾಕ್ಟರ್ ಸ್ಫೇರಾಯ್ಡಿಸ್ ಬೆಳೆಸುತ್ತಿದ್ದೇನೆ. ಬೆಳಕಿನಿಂದ ಬದುಕುವ ನೇರಳೆ ಬ್ಯಾಕ್ಟೀರಿಯಾ ಅದು. ಒಂದೇ ಕಲ್ಚರ್‌ನಿಂದ ಎರಡು ಬಾಟಲಿ ತುಂಬಿದೆ. ಒಂದನ್ನು ಬಲ್ಬಿನ ಹತ್ತಿರ ಇಟ್ಟೆ, ಇನ್ನೊಂದನ್ನು ಮಂದ ಬೆಳಕು ಬೀಳುವ ಮೂಲೆಯಲ್ಲಿ. ಹತ್ತಿರದ್ದೇ ಗಾಢ ಬಣ್ಣಕ್ಕೆ ಬರುತ್ತದೆ ಅಂದುಕೊಂಡಿದ್ದೆ. ಆದದ್ದು ಉಲ್ಟಾ. ಹತ್ತಿರದ್ದು ಬೇಗ ಬೆಳೆಯಿತು, ಆದರೆ ಬಣ್ಣ ಪೇಲವ. ಮೂಲೆಯಲ್ಲಿದ್ದದ್ದು ನಿಧಾನಕ್ಕೆ ಬೆಳೆದು ಕಡುಕಂದು ಆಯಿತು. ಬಾಟಲಿ ಅದಲುಬದಲು ಮಾಡಿಕೊಂಡೆನಾ, ಅಥವಾ ಹತ್ತಿರದ್ದಕ್ಕೆ ಏನಾದರೂ ಕೆಟ್ಟಿದೆಯಾ?

ಉತ್ತರ:
ಏನೂ ಕೆಟ್ಟಿಲ್ಲ. ನೀವು ನೋಡಿದ್ದೇ ಸರಿ. ಈ ಬ್ಯಾಕ್ಟೀರಿಯಾದ ಜಾಣತನ ಪೂರ್ತಿ ನಿಮ್ಮ ಆ ಎರಡು ಬಾಟಲಿಯಲ್ಲಿದೆ.

ಮಳೆ ನೀರು ಹಿಡಿಯುವುದನ್ನು ನೆನಪಿಸಿಕೊಳ್ಳಿ. ಜೋರು ಮಳೆಯಲ್ಲಿ ಒಂದು ಬೊಗಸೆ ಒಡ್ಡಿದರೆ ಕ್ಷಣದಲ್ಲಿ ತುಂಬುತ್ತದೆ. ತುಂತುರು ಹನಿಯುವಾಗ ಅಷ್ಟೇ ನೀರು ಬೇಕೆಂದರೆ ಹತ್ತು ಬೊಗಸೆ ಒಡ್ಡಬೇಕು. ಮೂಲೆಯ ಬಾಟಲಿಯಲ್ಲಿರುವ ಪ್ರತಿ ಜೀವಕೋಶವೂ ಸಾವಿರಾರು ಬೊಗಸೆ ಕಟ್ಟಿಕೊಂಡಿದೆ. ನಿಮಗೆ ಕಂಡ ಕಡುಬಣ್ಣ ಆ ಬೊಗಸೆಗಳದ್ದೇ.

ಬೊಗಸೆ ಹೇಗಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಇದಕ್ಕೆ ಎಲ್‌ಎಚ್2 ಅಂತ ಹೆಸರು. ಪ್ರೋಟೀನಿನ ಒಂದು ಬಳೆ ಅನ್ನಿ. 1995ರಲ್ಲಿ ಇದರ ರಚನೆ ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡಿತು, ಇನ್ನೊಂದು ಜಾತಿಯ ನೇರಳೆ ಬ್ಯಾಕ್ಟೀರಿಯಾದಲ್ಲಿ. ಒಂಬತ್ತು ತುಂಡು ಸೇರಿ ಒಂದು ಬಳೆ. ಅದರೊಳಗೆ 27 ಬ್ಯಾಕ್ಟೀರಿಯೋಕ್ಲೋರೊಫಿಲ್ ಕಣಗಳು, ಅಂದರೆ ಗಿಡದ ಕ್ಲೋರೊಫಿಲ್‌ಗೆ ಹತ್ತಿರದ, ಬೆಳಕು ಹೀರುವ ಬಣ್ಣದ ಕಣಗಳು. ಒಂಬತ್ತು ಕಣಗಳು ಒಂದು ಕಡೆ ಅಂತರ ಬಿಟ್ಟು ಮಲಗಿವೆ, 800 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಹೀರುತ್ತವೆ. ಉಳಿದ ಹದಿನೆಂಟು ಒಂದಕ್ಕೊಂದು ಅಂಟಿಕೊಂಡು ಮಾಲೆಯ ಹಾಗೆ ನಿಂತಿವೆ, 850ನ್ನು ಹೀರುತ್ತವೆ. ಎರಡು ಕಡೆಯೂ ಇರುವುದು ಅದೇ ಕಣ. ನಿಂತ ರೀತಿ, ಸುತ್ತಲಿನ ಪ್ರೋಟೀನ್ ಮಾತ್ರ ಬೇರೆ. ಅಷ್ಟಕ್ಕೇ ಅದು ಹಿಡಿಯುವ ಬೆಳಕು ಬದಲಾಗುತ್ತದೆ. ಇಷ್ಟು ವರ್ಷ ಕೆಲಸ ಮಾಡಿದರೂ ನನಗೆ ಈ ವಿಷಯ ಹಳೆಯದಾಗಿಲ್ಲ.

ಬೆಳಕು 800ರ ಸಾಲಿಗೆ ಬಿದ್ದರೆ ಸುಮಾರು ಒಂದು ಪಿಕೊಸೆಕೆಂಡಿನಲ್ಲಿ 850ರ ಮಾಲೆಗೆ ದಾಟುತ್ತದೆ. ಅಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು. ಅಲ್ಲಿಂದ ಕೆಲವೇ ಪಿಕೊಸೆಕೆಂಡಿನಲ್ಲಿ ಪಕ್ಕದ ಎಲ್‌ಎಚ್1 ಅನ್ನುವ ದೊಡ್ಡ ಬಳೆಗೆ ಹೋಗುತ್ತದೆ. ಅದು 875ರ ಆಸುಪಾಸು ಹೀರುವಂಥದ್ದು. ಅದರ ನಡುವೆ ಕೂತಿದೆ ರಿಯಾಕ್ಷನ್ ಸೆಂಟರ್. ಅಲ್ಲಿ ಬೆಳಕಿನ ಶಕ್ತಿ ಒಂದು ಎಲೆಕ್ಟ್ರಾನನ್ನು ತಳ್ಳುತ್ತದೆ. 800, 850, 875: ಪ್ರತಿ ಮೆಟ್ಟಿಲಲ್ಲೂ ಶಕ್ತಿ ಒಂಚೂರು ಇಳಿಯುತ್ತದೆ. ಇಳಿಜಾರಲ್ಲಿ ನೀರು ಹರಿದಂತೆ ಹರಿದು ನಡುವಿಗೆ ಬಂದು ಸೇರುತ್ತದೆ.

ಪ್ರಶ್ನೆ (ಅದೇ ವಿದ್ಯಾರ್ಥಿನಿ):
ಹಾಗಾದರೆ ರಿಯಾಕ್ಷನ್ ಸೆಂಟರ್‌ಗಳನ್ನೇ ಜಾಸ್ತಿ ಮಾಡಿಕೊಳ್ಳಬಹುದಲ್ವಾ ಮೇಡಂ? ಈ ಬಳೆಗಳೆಲ್ಲ ಯಾಕೆ?

ಉತ್ತರ:
ಒಳ್ಳೆಯ ಪ್ರಶ್ನೆ. ಪೂರ್ತಿ ಬಿಸಿಲಿನಲ್ಲೂ ಒಂದು ಕ್ಲೋರೊಫಿಲ್ ಕಣಕ್ಕೆ ಸೆಕೆಂಡಿಗೆ ಸಿಗುವುದು ಹತ್ತರ ಆಸುಪಾಸು ಫೋಟಾನ್, ಅಂದರೆ ಬೆಳಕಿನ ಕಣ. ಮೂಲೆಯಲ್ಲಿ ಇನ್ನೂ ಎಷ್ಟೋ ಕಡಿಮೆ. ರಿಯಾಕ್ಷನ್ ಸೆಂಟರ್ ಇದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಕೆಲಸ ಮಾಡಬಲ್ಲದು. ಒಂದೊಂದು ಕಣಕ್ಕೂ ಒಂದೊಂದು ಸೆಂಟರ್ ಕಟ್ಟಿದರೆ ಅವೆಲ್ಲ ಹೆಚ್ಚಿನ ಹೊತ್ತು ಸುಮ್ನೆ ಕೂತಿರುತ್ತವೆ. ಅದನ್ನು ಕಟ್ಟುವ ಖರ್ಚೂ ಜಾಸ್ತಿ. ಬಳೆ ಅಗ್ಗ. ಅದಕ್ಕೇ ಒಂದು ಸೆಂಟರ್, ಅದರ ಸುತ್ತ ಹಲವು ಬಳೆ.

ಬರೀ ಎಲ್‌ಎಚ್1 ಇದ್ದರೆ ಒಂದು ಸೆಂಟರಿಗೆ ಸುಮಾರು 30 ಕಣಗಳು ಬೆಳಕು ಹಿಡಿದು ಕೊಡುತ್ತವೆ. ಮಂದ ಬೆಳಕಲ್ಲಿ ಎಲ್‌ಎಚ್2 ಬಳೆಗಳು ಸೇರಿಕೊಂಡಾಗ ಆ ಸಂಖ್ಯೆ ನೂರನ್ನು ಸಲೀಸಾಗಿ ದಾಟುತ್ತದೆ.

ಪ್ರಶ್ನೆ (ಹೈಸ್ಕೂಲ್ ವಿಜ್ಞಾನ ಶಿಕ್ಷಕರು):
ಮೇಡಂ, ಹಾಗಿದ್ದರೆ ಬಲ್ಬಿನ ಹತ್ತಿರ ಇದ್ದವು ತಮ್ಮ ಬಳೆಗಳನ್ನು ಒಡೆದು ಹಾಕಿದವಾ? ಇಟ್ಟುಕೊಂಡಿದ್ದರೆ ನಷ್ಟವೇನು? ಮಕ್ಕಳು ಕೇಳಿದರೆ ಏನು ಹೇಳಲಿ?

ಉತ್ತರ:
ಸರ್, ಹೆಚ್ಚಾಗಿ ಒಡೆಯುವುದಿಲ್ಲ, ಕಟ್ಟುವುದನ್ನು ನಿಲ್ಲಿಸುತ್ತವೆ. ಮಂದ ಬೆಳಕಲ್ಲಿ ಬೆಳೆದ ಕಲ್ಚರನ್ನು ಒಮ್ಮೆಗೇ ಜೋರು ಬೆಳಕಿಗೆ ತಂದರೆ ಏನಾಗುತ್ತದೆ ಅಂತ ಕೋಹೆನ್-ಬಜೈರ್, ಸಿಸ್ಟ್ರಮ್, ಸ್ಟೇನಿಯರ್ ಎಂಬ ಮೂವರು 1957ರಲ್ಲೇ ಅಳೆದು ತೋರಿಸಿದ್ದರು. ಬಣ್ಣ ತಯಾರಿ ಅಲ್ಲಿಗೆ ನಿಂತುಬಿಡುತ್ತದೆ. ಬೆಳವಣಿಗೆ ಮಾತ್ರ ನಿಲ್ಲುವುದಿಲ್ಲ. ಒಂದು ಜೀವಕೋಶ ಎರಡಾದಾಗ ಇದ್ದ ಬಳೆಗಳು ಇಬ್ಬರು ಮಕ್ಕಳಿಗೆ ಅರ್ಧರ್ಧ ಹಂಚಿಹೋಗುತ್ತವೆ. ಆ ಎರಡು ನಾಲ್ಕಾದಾಗ ಕಾಲುಭಾಗ. ಹೀಗೆ ಎರಡು ಮೂರು ತಲೆಮಾರಿನಲ್ಲಿ ತಾನಾಗಿ ತೆಳುವಾಗುತ್ತದೆ. ಬೇಕಾದಷ್ಟಕ್ಕೆ ಇಳಿದ ಮೇಲೆ ಮತ್ತೆ ಅದೇ ಅಳತೆಯಲ್ಲಿ ತಯಾರಿ ಶುರು. ಮನೆತನದ ಆಸ್ತಿ ಭಾಗವಾದ ಹಾಗೆ ಅಂದರೆ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ.

ಇನ್ನು ನಷ್ಟದ ಮಾತು. ಒಂದು, ಜಾಗ. ಬಳೆಗಳು ಕೂರುವುದು ಜೀವಕೋಶದ ಒಳಪೊರೆಯಲ್ಲಿ. ನಮ್ಮ ಈ ಬ್ಯಾಕ್ಟೀರಿಯಾದಲ್ಲಿ ಆ ಪೊರೆ ಒಳಕ್ಕೆ ಉಬ್ಬಿ ಸುಮಾರು 50 ನ್ಯಾನೋಮೀಟರಿನ ಸಣ್ಣ ಸಣ್ಣ ಗುಳ್ಳೆಗಳಾಗುತ್ತದೆ. ಮಂದ ಬೆಳಕಿನ ಜೀವಕೋಶದೊಳಗೆ ಅಂಥ ಗುಳ್ಳೆಗಳು ಕಿಕ್ಕಿರಿದಿರುತ್ತವೆ. ಅಷ್ಟು ಪ್ರೋಟೀನ್, ಅಷ್ಟು ಕೊಬ್ಬು ಬೇರೆ ಕೆಲಸಕ್ಕೆ ಸಿಗುವುದಿಲ್ಲ.

ಎರಡನೆಯದು ನನಗೆ ಹೆಚ್ಚು ಮುಖ್ಯ ಅನಿಸುವುದು. ಹಿಡಿದ ಬೆಳಕನ್ನು ಖರ್ಚು ಮಾಡಲು ದಾರಿ ಬೇಕು. ರಿಯಾಕ್ಷನ್ ಸೆಂಟರಿನಿಂದ ಎಲೆಕ್ಟ್ರಾನನ್ನು ಹೊತ್ತೊಯ್ಯುವುದು ಕ್ವಿನೋನ್ ಅನ್ನುವ ಪುಟ್ಟ ಕಣ. ಎರಡು ಎಲೆಕ್ಟ್ರಾನ್ ತುಂಬಿಕೊಂಡು ಪೊರೆಯಲ್ಲಿ ಜಾರಿಕೊಂಡು ಹೋಗಿ ಇಳಿಸಿ ವಾಪಸ್ ಬರಬೇಕು. ಬೆಳಕು ಸುರಿಯುತ್ತಿರುವಾಗ ಈ ಓಡಾಟವೇ ಹಿಂದೆ ಬೀಳುತ್ತದೆ. ಸೆಂಟರ್ ಇನ್ನೂ ಬಿಡುವಾಗಿಲ್ಲ, ಬಳೆಗಳು ತಂದು ಸುರಿಯುತ್ತಲೇ ಇವೆ. ಎಲ್ಲೂ ಹೋಗಲಾಗದ ಶಕ್ತಿ ಕ್ಲೋರೊಫಿಲ್‌ನಲ್ಲೇ ಉಳಿದರೆ, ಹತ್ತಿರದಲ್ಲಿ ಆಮ್ಲಜನಕವೂ ಇದ್ದರೆ, ಆ ಆಮ್ಲಜನಕ ಉರಿಯುವ ಕೊಳ್ಳಿ ಆಗುತ್ತದೆ. ಸಿಕ್ಕ ಪ್ರೋಟೀನ್, ಕೊಬ್ಬನ್ನೆಲ್ಲ ಸುಡುತ್ತದೆ. ಬೆಳಕು ಊಟವೂ ಹೌದು, ಬೆಂಕಿಯೂ ಹೌದು.

ಪ್ರಶ್ನೆ (ಇನ್ನೊಬ್ಬರು):
ಆ ಬೆಂಕಿಯಿಂದ ತಪ್ಪಿಸಿಕೊಳ್ಳಲು ಏನೂ ಇಲ್ವಾ? ಎರಡು ಮೂರು ತಲೆಮಾರು ಕಾಯೋ ಅಷ್ಟರಲ್ಲಿ ಸತ್ತೇ ಹೋಗುತ್ತದಲ್ಲ!

ಉತ್ತರ:
ಇದೆ. ಕ್ಯಾರೊಟಿನಾಯ್ಡ್. ಕ್ಯಾರೆಟ್‌ಗೆ ಬಣ್ಣ ಕೊಡುವಂಥ ಬಣ್ಣದ ಕಣ. ಪ್ರತಿ ಬಳೆಯಲ್ಲೂ ಕ್ಲೋರೊಫಿಲ್‌ಗಳನ್ನು ಮುಟ್ಟಿಕೊಂಡೇ ಕ್ಯಾರೊಟಿನಾಯ್ಡ್‌ನ ಉದ್ದುದ್ದ ಕಡ್ಡಿಗಳು ನಿಂತಿರುತ್ತವೆ. ಹೆಚ್ಚಾದ ಶಕ್ತಿಯನ್ನು ತಾವು ತೆಗೆದುಕೊಂಡು ಶಾಖವಾಗಿ ಬಿಟ್ಟುಬಿಡುತ್ತವೆ. ಮಾಮೂಲಿ ಹೊತ್ತಿನಲ್ಲಿ ಅವೇ ನೀಲಿ-ಹಸಿರು ಬೆಳಕನ್ನು ಹಿಡಿದು ಕ್ಲೋರೊಫಿಲ್‌ಗೆ ಕೊಡುತ್ತವೆ ಕೂಡ.

ಇದಕ್ಕೆ 1955ರ ಪುರಾವೆ ಇದೆ. ಇದೇ ಬ್ಯಾಕ್ಟೀರಿಯಾದ ಒಂದು ತಳಿಗೆ ಬಣ್ಣದ ಕ್ಯಾರೊಟಿನಾಯ್ಡ್ ಮಾಡುವ ಶಕ್ತಿ ಹೋಗಿತ್ತು. ನೋಡಲು ನೀಲಿ-ಹಸಿರು. ಗಾಳಿಯಿಲ್ಲದೆ ಬೆಳಕಲ್ಲಿಟ್ಟರೆ ಆರಾಮಾಗಿ ಬೆಳೆಯಿತು. ಬೆಳಕಿಲ್ಲದೆ ಗಾಳಿಯಲ್ಲಿಟ್ಟರೂ ಬೆಳೆಯಿತು. ಬೆಳಕು, ಗಾಳಿ ಎರಡೂ ಒಟ್ಟಿಗೆ ಸಿಕ್ಕಾಗ ಸತ್ತಿತು. ನನ್ನ ವಿದ್ಯಾರ್ಥಿಗಳಿಗೆ ಈ ಪ್ರಯೋಗವನ್ನು ಮೊದಲ ದಿನವೇ ಹೇಳುತ್ತೇನೆ. ಇಷ್ಟು ಸರಳವಾಗಿ ಇಷ್ಟು ದೊಡ್ಡ ಮಾತು ಹೇಳಿದ ಪ್ರಯೋಗ ಅಪರೂಪ.

ಪ್ರಶ್ನೆ (ವಿದ್ಯಾರ್ಥಿನಿ):
ಬೆಳಕು ಎಷ್ಟಿದೆ ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ಕಣ್ಣಿಲ್ಲವಲ್ಲ.

ಉತ್ತರ:
ದೊಡ್ಡ ಪಾಲು ಪರೋಕ್ಷವಾಗಿ. ಬೆಳಕು ಜೋರಾದಾಗ ಪೊರೆಯಲ್ಲಿ ಎಲೆಕ್ಟ್ರಾನ್ ಹೊತ್ತ ಕ್ವಿನೋನ್ ಎಷ್ಟು, ಖಾಲಿ ಕ್ವಿನೋನ್ ಎಷ್ಟು ಅನ್ನುವ ಲೆಕ್ಕ ಏರುಪೇರಾಗುತ್ತದೆ. ರೆಗ್‌ಬಿ ಎಂಬ ಪ್ರೋಟೀನ್ ಇದನ್ನು ಗಮನಿಸಿ ಜೀನ್‌ಗಳಿಗೆ ಸುದ್ದಿ ಮುಟ್ಟಿಸುತ್ತದೆ. ನೇರವಾಗಿ ಬೆಳಕನ್ನೇ ನೋಡುವುದೂ ಒಂದಿದೆ, ಆಪ್‌ಎ ಅಂತ. ಬಣ್ಣದ ಜೀನ್‌ಗಳ ಮೇಲೆ ಬೀಗದ ಹಾಗೆ ಕೂರುವ ಪಿಪಿಎಸ್‌ಆರ್ ಅನ್ನುವ ಪ್ರೋಟೀನ್ ಇದೆ. ಆಮ್ಲಜನಕ ಕಡಿಮೆ ಇದ್ದಾಗ ಆಪ್‌ಎ ಆ ಬೀಗ ತೆಗೆಯುತ್ತದೆ. ನೀಲಿ ಬೆಳಕು ಜೋರಾದರೆ ಆಪ್‌ಎ ಕೈ ಬಿಡುತ್ತದೆ, ಬೀಗ ಮತ್ತೆ ಬೀಳುತ್ತದೆ.

ಆಮ್ಲಜನಕ ಇದ್ದಾಗ ಬಣ್ಣವನ್ನೇ ಮಾಡುವುದಿಲ್ಲ ಅನ್ನುವುದನ್ನು ಗಮನಿಸಿ. ಗಾಳಿ ಸಿಕ್ಕರೆ ಅದು ನಮ್ಮ ಹಾಗೆ ಉಸಿರಾಡಿಕೊಂಡೇ ಬದುಕುತ್ತದೆ. ಆಗ ಬಣ್ಣ ಬೇಕಿಲ್ಲ, ಇದ್ದರೆ ಅಪಾಯ ಬೇರೆ.

ಪ್ರಶ್ನೆ (ಕುತೂಹಲಿ):
ನೀಲಿ-ಹಸಿರು ಸಯನೋಬ್ಯಾಕ್ಟೀರಿಯಾಗಳೂ ಹೀಗೇನಾ? ತೀರಾ ಎಷ್ಟು ಕಡಿಮೆ ಬೆಳಕಲ್ಲಿ ಬದುಕಬಹುದು?

ಉತ್ತರ:
ಉದ್ದೇಶ ಒಂದೇ, ಸಾಮಾನು ಬೇರೆ. ಸಯನೋಬ್ಯಾಕ್ಟೀರಿಯಾದ ಬೆಳಕಿನ ಬಲೆಗೆ ಫೈಕೋಬಿಲಿಸೋಮ್ ಅಂತ ಹೆಸರು. ಪೊರೆಯ ಮೇಲೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ಕೂತಿರುತ್ತದೆ. ಕೆಲವು ಜಾತಿಗಳು ಅದರ ಬಣ್ಣವನ್ನೇ ಬದಲಿಸುತ್ತವೆ. ಕೆಂಪು ಬೆಳಕಲ್ಲಿಟ್ಟರೆ ನೀಲಿ-ಹಸಿರಾಗುತ್ತವೆ, ಹಸಿರು ಬೆಳಕಲ್ಲಿಟ್ಟರೆ ಕೆಂಪಾಗುತ್ತವೆ. ಸಿಕ್ಕ ಬೆಳಕನ್ನು ಹೀರುವ ಬಣ್ಣ ತೊಟ್ಟುಕೊಳ್ಳುವುದು ಅದು. ಗೈಡುಕೋವ್ ಎಂಬುವರು 1902ರಲ್ಲೇ ಇದನ್ನು ದಾಖಲಿಸಿದ್ದರು. ಇನ್ನು ಮೋಡ ಸರಿದು ಒಮ್ಮೆಗೇ ಬಿಸಿಲು ಬಿದ್ದಾಗ, ಇವುಗಳಲ್ಲಿರುವ ಒಂದು ಕಿತ್ತಳೆ ಬಣ್ಣದ ಕ್ಯಾರೊಟಿನಾಯ್ಡ್ ಪ್ರೋಟೀನ್ ಜೋರಾದ ನೀಲಿ-ಹಸಿರು ಬೆಳಕು ತಗುಲಿ ಕೆಂಪಾಗುತ್ತದೆ, ಬಲೆಗೆ ಅಂಟಿಕೊಂಡು ಹೆಚ್ಚಿನ ಶಕ್ತಿಯನ್ನು ಶಾಖವಾಗಿ ಚೆಲ್ಲುತ್ತದೆ. ಇದಕ್ಕೆ ತಲೆಮಾರು ಬೇಡ, ನಿಮಿಷಗಳು ಸಾಕು.

ಕಡಿಮೆ ಬೆಳಕಿನ ಮಾತಿಗೆ ಬಂದರೆ ಹಸಿರು ಗಂಧಕ ಬ್ಯಾಕ್ಟೀರಿಯಾಗಳನ್ನು ಮೀರಿಸಿದವರಿಲ್ಲ. ಕಪ್ಪು ಸಮುದ್ರದಲ್ಲಿ ಸುಮಾರು 100 ಮೀಟರ್ ಆಳದಲ್ಲೂ ಅವು ಬದುಕಿವೆ. ಅವುಗಳ ಕ್ಲೋರೋಸೋಮ್ ಅನ್ನುವ ಚೀಲದಲ್ಲಿ ಲಕ್ಷಕ್ಕೂ ಹೆಚ್ಚು ಬಣ್ಣದ ಕಣಗಳು ಪ್ರೋಟೀನಿನ ಆಸರೆಯೇ ಇಲ್ಲದೆ ತಾವಾಗಿ ಜೋಡಿಸಿಕೊಂಡಿರುತ್ತವೆ. ಬೊಗಸೆ ಅಲ್ಲ, ಕೆರೆ ಅದು.

ಪ್ರಶ್ನೆ (ವಿದ್ಯಾರ್ಥಿನಿ):
ಮೇಡಂ, ಈಗ ಎರಡು ಬಾಟಲಿಯ ಜಾಗ ಬದಲಿಸಿ ನೋಡಬೇಕು ಅಂತಿದ್ದೇನೆ. ಏನೇನು ಎಚ್ಚರ ಬೇಕು?

ಉತ್ತರ:
ಖಂಡಿತ ಮಾಡಿ. ನಾಲ್ಕು ಮಾತು ಹೇಳುತ್ತೇನೆ.

ಕಲ್ಚರ್ ದಟ್ಟವಾಗಲು ಬಿಡಬೇಡಿ. ದಟ್ಟವಾದರೆ ಹೊರಗಿನವು ಒಳಗಿನವಕ್ಕೆ ನೆರಳಾಗುತ್ತವೆ. ಆಗ ಬಲ್ಬಿನ ಪಕ್ಕದ ಬಾಟಲಿಯ ನಡುವೆಯೂ ಮಂದ ಬೆಳಕೇ, ಅಲ್ಲಿರುವವೂ ಬಣ್ಣ ಕಟ್ಟಿಕೊಳ್ಳುತ್ತವೆ. ನಿಮ್ಮ ಲೆಕ್ಕವೆಲ್ಲ ಕಲಸಿಹೋಗುತ್ತದೆ. ನನ್ನ ಮೊದಲ ವರ್ಷದ ಎರಡು ತಿಂಗಳ ಅಳತೆ ಹೀಗೇ ಹಾಳಾಯಿತು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬಲ್ಬು ತಂತಿ ಇರುವ ಹಳೆಯ ಥರದ್ದೇ ಇರಲಿ. ಬಿಳಿ ಎಲ್‌ಇಡಿಯಲ್ಲಿ 800, 850ರ ಬೆಳಕು ಹೆಚ್ಚೂ ಕಡಿಮೆ ಇರುವುದೇ ಇಲ್ಲ. ನಮ್ಮ ಕಣ್ಣಿಗೆ ಝಗಮಗ ಅನ್ನುವುದು ಅದಕ್ಕೆ ಅರೆಹೊಟ್ಟೆ. ತಂತಿ ಬಲ್ಬಿನ ಕಾವು ತಡೆಯಲು ನಡುವೆ ನೀರು ತುಂಬಿದ ಚಪ್ಪಟೆ ಗಾಜಿನ ತೊಟ್ಟಿ ಇಡಿ.

ಬಾಟಲಿ ಕಂಠದವರೆಗೂ ತುಂಬಿರಲಿ, ಮುಚ್ಚಳ ಬಿಗಿಯಾಗಿರಲಿ. ಕಂದು ಹೋಗಿ ಕೆಂಪು ಛಾಯೆ ಬಂದರೆ ಗಾಳಿ ನುಗ್ಗಿದೆ ಅಂತಲೇ ತಿಳಿಯಿರಿ. ಆಮ್ಲಜನಕ ಸಿಕ್ಕಾಗ ಇದರ ಹಳದಿ ಕ್ಯಾರೊಟಿನಾಯ್ಡ್ ಕೆಂಪಿಗೆ ತಿರುಗುತ್ತದೆ.

ಬರೀ ಕಣ್ಣಳತೆ ಸಾಲದು. 680ರಲ್ಲಿ ಸಾಂದ್ರತೆ (ಜೀವಕೋಶಗಳು ಎಷ್ಟಿವೆ ಅನ್ನುವುದು) ಅಳೆಯಿರಿ, 850ರಲ್ಲಿ ಬಣ್ಣ ಅಳೆಯಿರಿ, ಎರಡನ್ನೂ ಬೇರೆ ಬೇರೆ ಬರೆದಿಡಿ.

ವಿದ್ಯಾರ್ಥಿನಿ (ನಾಲ್ಕು ದಿನದ ನಂತರ):
ಮೇಡಂ, ಮೂಲೆಯಿಂದ ಬಲ್ಬಿನ ಹತ್ತಿರ ತಂದ ಬಾಟಲಿಯಲ್ಲಿ ಮೊದಲ ಕೆಲವು ಗಂಟೆ 680 ಏರುತ್ತಾ ಹೋಯಿತು, 850ರ ಶಿಖರ ಇದ್ದಲ್ಲೇ ಇತ್ತು. ನೀವು ಹೇಳಿದ ಹಾಗೇ, ಆಸ್ತಿ ಅಷ್ಟೇ, ಹಂಚಿಕೊಳ್ಳುವವರು ಜಾಸ್ತಿ. ಆದರೆ ಮೂಲೆಗೆ ಕಳಿಸಿದ ಬಾಟಲಿ ಮೊದಲ ದಿನ ಬೆಳೆಯಲೇ ಇಲ್ಲ. ಸತ್ತಿತೇನೋ ಅಂತ ಭಯವಾಗಿತ್ತು. ಮಾರನೇ ದಿನ ನೋಡಿದರೆ ಸಾಂದ್ರತೆ ಹಾಗೇ ಇದೆ, ಬಣ್ಣ ಏರಿದೆ.

ಉತ್ತರ:
ಅದು ಬಳೆ ಕಟ್ಟುತ್ತಿತ್ತು. ಇದ್ದಬದ್ದ ಶಕ್ತಿಯನ್ನೆಲ್ಲ ಮೊದಲು ಅದಕ್ಕೇ ಹಾಕುತ್ತದೆ, ಬೆಳವಣಿಗೆ ಆಮೇಲೆ. ಆ ಬಾಟಲಿಯನ್ನು ಇನ್ನೂ ಎರಡು ದಿನ ಅಳೆಯುತ್ತಿರಿ, 680 ಯಾವ ಗಂಟೆಗೆ ಏರಲು ಶುರುವಾಗುತ್ತದೆ ಅಂತ ನನಗೂ ಬರೆಯಿರಿ.